ಕಾಯುವ ಹೂವನ್ನು ಕಾಯುವ ಬಗೆ

ಉಪ್ಪಿನಕಾಯಿಯ ಜಾಡಿಯಲ್ಲಿ ಮಾವಿನ ಮಿಡಿಯನ್ನು ವರ್ಷಗಟ್ಟಲೆ ಕಾಪಾಡುವುದು ಉಪ್ಪು. ಆ ಉಪ್ಪನ್ನು ಕಾಪಾಡಲು ಮತ್ತೊಂದು ವಸ್ತುವೇನೂ ಬೇಕಾಗುವುದಿಲ್ಲ. ತೇವ ತಾಗದಂತೆ ಮುಚ್ಚಿಟ್ಟರೆ ಸಾಕು, ಅಜ್ಜಿ ತುಂಬಿಟ್ಟ ಉಪ್ಪು ಮೊಮ್ಮಗಳ ಕಾಲಕ್ಕೂ ಉಪ್ಪಾಗಿಯೇ ಉಳಿದಿರುತ್ತದೆ. ಆದರೆ ಲೋಕದಲ್ಲಿ ಕಾವಲಿಗೆ ನಿಂತವರೆಲ್ಲರೂ ಇಷ್ಟು ಗಟ್ಟಿಗರಲ್ಲ. ಅನ್ಯರನ್ನು ಕೆಡದಂತೆ ಕಾಯುವ ಶಕ್ತಿಯುಳ್ಳ ಕೆಲವು ವಸ್ತುಗಳು ತಾವು ಮಾತ್ರ ಬಹುಬೇಗ ಕೆಟ್ಟುಹೋಗುತ್ತವೆ. ಯೂರೋಪು ಮತ್ತು ಅಮೆರಿಕಗಳಲ್ಲಿ ಬಿಯರ್ ತಯಾರಿಕೆಗೆ ಬಳಸುವ ಹಾಪ್ಸ್ ಎಂಬ ಹೂವು ಅಂಥದು. ಪಾನೀಯವನ್ನು ಹುಳಿಯಾಗದಂತೆ ಕಾಯುವ ಈ ಹೂವು, ಗಾಳಿಯಲ್ಲಿ ತೆರೆದಿಟ್ಟರೆ ಕೆಲವೇ ತಿಂಗಳುಗಳಲ್ಲಿ ತನ್ನ ಸತ್ವವನ್ನು ಕಳೆದುಕೊಳ್ಳುತ್ತದೆ. ಕಾಯುವವನನ್ನು ಕಾಯುವವರಾರು ಎಂಬ ಹಳೆಯ ಪ್ರಶ್ನೆ ಇಲ್ಲಿ ಅಡಿಗೆಮನೆಯ ಪ್ರಶ್ನೆಯಾಗಿ ಬಂದು ನಿಲ್ಲುತ್ತದೆ.

ಹಾಪ್ಸ್ ಒಂದು ಬಹುವಾರ್ಷಿಕ ಬಳ್ಳಿ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ವಸಂತದಲ್ಲಿ ಬೇರಿನಿಂದ ಮತ್ತೆ ಚಿಗುರುತ್ತದೆ. ಬೇಸಗೆಯ ದೀರ್ಘವಾದ ಹಗಲು ಅದಕ್ಕೆ ಬೇಕು. ಆದಕಾರಣ ಅದು ಚೆನ್ನಾಗಿ ಬೆಳೆಯುವುದು ಜರ್ಮನಿಯ ಬವೇರಿಯ ಪ್ರಾಂತದ ಹಾಲರ್ಟೌ, ಇಂಗ್ಲೆಂಡಿನ ಕೆಂಟ್, ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆ ಮೊದಲಾದ ಕಡೆಗಳಲ್ಲಿ. ಭಾರತದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇದನ್ನು ಬೆಳೆಸಿದ್ದುಂಟು. ಈ ಬಳ್ಳಿಯಲ್ಲಿ ಗಂಡು ಹೆಣ್ಣು ಬೇರೆಬೇರೆ. ಬಿಯರಿಗೆ ಬೇಕಾದುದು ಹೆಣ್ಣುಬಳ್ಳಿಯ ಹೂವು. ನೋಡುವುದಕ್ಕೆ ಎಳೆಯ ಹಸುರುಬಣ್ಣದ ಪುಟ್ಟ ದೇವದಾರು ಕಾಯಿಯಂತೆ, ಎಸಳ ಮೇಲೆ ಎಸಳು ಹೊದಿಸಿದಂತೆ ಇರುತ್ತದೆ. ಎಸಳುಗಳನ್ನು ಬಿಡಿಸಿದರೆ ಅವುಗಳ ಬುಡದಲ್ಲಿ ಅರಿಸಿನದ ಪುಡಿಯಂಥ ಹಳದಿಯ ಕಣಗಳು ಕಾಣುತ್ತವೆ. ಅದಕ್ಕೆ ಲ್ಯೂಪುಲಿನ್ ಎಂದು ಹೆಸರು. ಹಾಪ್ಸ್‌ನ ಬೆಲೆಯೆಲ್ಲ ಇರುವುದು ಈ ಹಳದಿಯ ಪುಡಿಯಲ್ಲಿ. ಉಳಿದುದು ಅದರ ಹೊದಿಕೆ.

ಆ ಪುಡಿಯಲ್ಲಿ ಮುಖ್ಯವಾಗಿ ಎರಡು ಬಗೆಯ ವಸ್ತುಗಳಿವೆ. ಒಂದು, ಆಲ್ಫಾ ಆಮ್ಲಗಳೆಂಬ ರಾಳದಂಥ ಪದಾರ್ಥ. ಕುದಿಯುವ ಕಷಾಯದಲ್ಲಿ ಅದು ರೂಪಾಂತರ ಹೊಂದಿ ಬಿಯರಿಗೆ ಕಹಿಯನ್ನು ಕೊಡುತ್ತದೆ; ಪಾನೀಯವನ್ನು ಹುಳಿಯಾಗಿಸುವ ಕೆಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನೂ ತಡೆಯುತ್ತದೆ. ಇನ್ನೊಂದು, ಸುಗಂಧ ತೈಲಗಳು. ಕಿತ್ತಳೆಯ ಸಿಪ್ಪೆ, ಹೂವು, ಮಸಾಲೆ, ದೇವದಾರು ಹೀಗೆ ತಳಿಗೊಂದು ಪರಿಮಳವನ್ನು ತರುವುವು ಇವೇ. ಕಹಿಯೂ ಕಂಪೂ ಒಂದೇ ಹೂವಿನಲ್ಲಿ ಸೇರಿರುವುದೇ ಹಾಪ್ಸ್‌ನ ವೈಶಿಷ್ಟ್ಯ.

ಇದರ ಕಾಯುವ ಗುಣವನ್ನು ಯೂರೋಪಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಹನ್ನೆರಡನೆಯ ಶತಮಾನದಲ್ಲಿ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ ತನ್ನ ಗ್ರಂಥದಲ್ಲಿ ಈ ಹೂವಿನ ಕಹಿ ಪಾನೀಯಗಳನ್ನು ಕೆಡದಂತೆ ತಡೆಯುವುದೆಂದು ಬರೆದಿಟ್ಟಳು. 1516ರಲ್ಲಿ ಬವೇರಿಯದ ಅರಸರು ಹೊರಡಿಸಿದ ಶಾಸನ ಬಾರ್ಲಿ, ನೀರು, ಹಾಪ್ಸ್ ಇವುಗಳ ಹೊರತು ಬೇರೇನನ್ನೂ ಬಿಯರಿಗೆ ಬೆರೆಸಕೂಡದೆಂದು ವಿಧಿಸಿತು. ಭಾರತಕ್ಕೂ ಈ ಕಥೆಗೂ ಒಂದು ನಂಟುಂಟು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಲಂಡನ್ನಿನಿಂದ ಹೊರಟ ಹಡಗು ಆಫ್ರಿಕದ ತುದಿಯನ್ನು ಬಳಸಿಕೊಂಡು ಭಾರತದ ರೇವನ್ನು ಸೇರಲು ತಿಂಗಳುಗಳೇ ಹಿಡಿಯುತ್ತಿದ್ದುವು. ಭೂಮಧ್ಯರೇಖೆಯನ್ನು ಎರಡು ಬಾರಿ ದಾಟುವ ಆ ಪಯಣದ ಸೆಕೆಯನ್ನು ತಾಳಿಕೊಳ್ಳಲೆಂದು ಇಲ್ಲಿಗೆ ಬರುವ ಬಿಯರಿಗೆ ಹಾಪ್ಸನ್ನು ಹೆಚ್ಚಾಗಿ ಹಾಕುತ್ತಿದ್ದರು. ಮುಂದೆ ಆ ಬಗೆಯ ಪಾನೀಯಕ್ಕೆ 'ಇಂಡಿಯಾ ಪೇಲ್ ಏಲ್' ಎಂಬ ಹೆಸರೇ ನಿಂತಿತು.

ಸಮುದ್ರಗಳನ್ನೇ ದಾಟಿಸಿದ ಈ ಕಾವಲುಗಾರನ ದೌರ್ಬಲ್ಯವೇನೆಂಬುದನ್ನು ಇನ್ನು ನೋಡಬೇಕು. ಹಾಪ್ಸ್ ಕೊಯ್ಲು ಉತ್ತರಾರ್ಧ ಗೋಲದಲ್ಲಿ ವರ್ಷಕ್ಕೊಂದೇ ಸಲ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತಿಂಗಳವರೆಗೆ. ಕೊಯ್ದ ಹೂವಿನಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಹಾಗೆಯೇ ರಾಶಿ ಹಾಕಿದರೆ ಅದು ಕಾವೇರಿ ಕೊಳೆಯುತ್ತದೆ. ಆದುದರಿಂದ ಬಿಸಿಗಾಳಿಯ ಗೂಡುಗಳಲ್ಲಿ ಸುಮಾರು 60 ಡಿಗ್ರಿ ಸೆಂಟಿಗ್ರೇಡ್ ಮೀರದ ಶಾಖದಲ್ಲಿ ಒಣಗಿಸಿ ತೇವವನ್ನು ನೂರಕ್ಕೆ 10ರ ಆಸುಪಾಸಿಗೆ ಇಳಿಸುತ್ತಾರೆ. ಐದು ಕಿಲೋ ಹಸಿ ಹೂವು ಒಣಗಿದಾಗ ಒಂದು ಕಿಲೋವಿನ ಮೇಲೆ ಸ್ವಲ್ಪ ಉಳಿದೀತು. ಹೀಗೆ ಒಣಗಿದ ಹೂವನ್ನು ಅಮೆರಿಕದಲ್ಲಿ 200 ಪೌಂಡಿನ ಮೂಟೆಗಳಾಗಿ ಒತ್ತಿ ಕಟ್ಟುತ್ತಾರೆ. ಹಲವೆಡೆ ಅದನ್ನು ಪುಡಿಮಾಡಿ ಸಣ್ಣ ಗುಳಿಗೆಗಳಾಗಿ ಒತ್ತುವುದೂ ಉಂಟು.

ನೀರು ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಒಣಗಿದ ಹಾಪ್ಸ್‌ಗೆ ಶತ್ರುಗಳು ಮೂವರು: ಗಾಳಿಯ ಆಮ್ಲಜನಕ, ಶಾಖ ಮತ್ತು ಬೆಳಕು. ಆಮ್ಲಜನಕದ ಸಂಗದಿಂದ ಆಲ್ಫಾ ಆಮ್ಲಗಳು ಕ್ರಮೇಣ ವಿಘಟಿಸುತ್ತವೆ. ಕಹಿ ಕೊಡುವ ಶಕ್ತಿ ಕುಗ್ಗುತ್ತದೆ. ಸುಗಂಧ ತೈಲಗಳಲ್ಲಿ ಕೆಲವು ಹಾರಿಹೋಗುತ್ತವೆ, ಕೆಲವು ಮಾರ್ಪಡುತ್ತವೆ. ವಿಘಟನೆಯಿಂದ ಹುಟ್ಟುವ ವಸ್ತುಗಳಲ್ಲಿ ಒಂದಾದ ಐಸೊವಲೇರಿಕ್ ಆಮ್ಲಕ್ಕೆ ಹಳಸಿದ ಗಿಣ್ಣದ, ಬೆವರಿಳಿದ ಕಾಲುಚೀಲದ ವಾಸನೆ. ಹೂವಿನ ಪರಿಮಳವನ್ನು ಬಯಸಿದವನಿಗೆ ದೊರೆಯುವುದು ಇದು!

ಕೆಡುವ ವೇಗ ಎಲ್ಲ ತಳಿಗಳಿಗೂ ಒಂದೇ ಅಲ್ಲ. ಅಮೆರಿಕದಲ್ಲಿ 1972ರಲ್ಲಿ ಬಳಕೆಗೆ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ತಳಿ ತನ್ನ ಕಂಪಿಗಾಗಿ ಲೋಕಪ್ರಸಿದ್ಧವಾಯಿತು. ಆದರೆ 20 ಡಿಗ್ರಿ ಶಾಖದಲ್ಲಿ ಆರು ತಿಂಗಳಿಟ್ಟರೆ ಅದರ ಆಲ್ಫಾ ಆಮ್ಲಗಳಲ್ಲಿ ಸುಮಾರು ಅರ್ಧದಷ್ಟು ಮಾಯವಾಗುತ್ತವೆ. ಅಲ್ಲಿಯದೇ ಹಳೆಯ ತಳಿಯಾದ ಕ್ಲಸ್ಟರ್ ಅಷ್ಟೇ ಕಾಲದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಉಳಿಸಿಕೊಳ್ಳಬಲ್ಲುದು. ಕಂಪಿನಲ್ಲಿ ಹೆಸರಾದುದು ಬಾಳಿಕೆಯಲ್ಲಿ ಹಿಂದೆ.

ದೊಡ್ಡ ಕಾರ್ಖಾನೆಗಳಿಗೆ ಶೀತಲ ಉಗ್ರಾಣಗಳಿವೆ; ಅವುಗಳಿಗೆ ಈ ಚಿಂತೆ ಅಷ್ಟಾಗಿಲ್ಲ. ಚಿಂತೆ ಬಂದುದು ಗೃಹಸ್ಥರಿಗೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಅದು ತೊಲಗಿದ ಮೇಲೆ ಮನೆಯಲ್ಲಿ ದ್ರಾಕ್ಷಾರಸದ ಮದ್ಯವನ್ನು ಮಾಡಿಕೊಳ್ಳಲು ಅನುಮತಿ ದೊರೆಯಿತಾದರೂ ಬಿಯರಿಗೆ ಮಾತ್ರ ದೊರೆಯಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಮೂಲಕ ಆ ನಿರ್ಬಂಧ ಸಡಿಲವಾಯಿತು. ವಯಸ್ಕನೊಬ್ಬನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ 200 ಗ್ಯಾಲನ್, ಮಾರುವಂತಿಲ್ಲ. ಆದರೂ ಆಯಾ ರಾಜ್ಯಗಳ ಕಟ್ಟಳೆ ಬೇರೆಯಾಗಿದ್ದುದರಿಂದ ಎಲ್ಲ ರಾಜ್ಯಗಳೂ ಒಪ್ಪುವ ಹೊತ್ತಿಗೆ 2013 ಬಂದಿತ್ತು. ಇಂಗ್ಲೆಂಡಿನಲ್ಲಿ ಪರವಾನಗಿಯ ಕಟ್ಟುಪಾಡು 1963ರಲ್ಲಿಯೇ ಹೋಗಿತ್ತು. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಬಕಾರಿ ಕಾನೂನಿಗೆ ವಿರುದ್ಧವೆಂಬುದನ್ನು ಓದುಗರು ಮರೆಯಬಾರದು. ಪಾನದ ಗುಣದೋಷವಿಚಾರವೂ ಇಲ್ಲಿ ಪ್ರಸ್ತುತವಲ್ಲ. ಪ್ರಸ್ತುತವಾದುದು, ವರ್ಷಕ್ಕೊಮ್ಮೆ ಬರುವ ಬೆಳೆಯನ್ನು ವರ್ಷವೆಲ್ಲ ಉಳಿಸಿಕೊಳ್ಳುವ ಗೃಹಕೃತ್ಯದ ಜಾಣ್ಮೆ.

ಅಮೆರಿಕದ ಮನೆಗಳಲ್ಲಿ ಒಂದು ಸಲಕ್ಕೆ ಮಾಡುವುದು ಸಾಮಾನ್ಯವಾಗಿ 5 ಗ್ಯಾಲನ್, ಎಂದರೆ ಸುಮಾರು 19 ಲೀಟರ್. ಅದಕ್ಕೆ ಬೇಕಾಗುವ ಹಾಪ್ಸ್ ಕೆಲವೇ ಔನ್ಸುಗಳು. ಔನ್ಸಿನ ಪೊಟ್ಟಣಗಳಾಗಿ ಕೊಂಡರೆ ಬೆಲೆ ಹೆಚ್ಚು. ಪೌಂಡಿನ ಲೆಕ್ಕದಲ್ಲಿ ಸಗಟಾಗಿ ಕೊಂಡರೆ ಬಹಳ ಅಗ್ಗ. ಈ ಲಾಭದ ಆಸೆಯೊಂದಿಗೆ ಅಭಾವದ ಭಯವೂ ಸೇರಿತು. 2006ರ ಅಕ್ಟೋಬರಿನಲ್ಲಿ ಯಾಕಿಮಾ ನಗರದ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದು ಸುಮಾರು 10,000 ಮೂಟೆ ಹಾಪ್ಸ್, ಅಮೆರಿಕದ ಆ ವರ್ಷದ ಬೆಳೆಯಲ್ಲಿ ನೂರಕ್ಕೆ 4ರಷ್ಟು, ಸುಟ್ಟುಹೋಯಿತು. ಬೇರೆ ಕಾರಣಗಳೂ ಕೂಡಿ 2007 ಮತ್ತು 2008ರಲ್ಲಿ ಬೆಲೆ ಗಗನಕ್ಕೇರಿತು. ಕೆಲವು ತಳಿಗಳು ಹಣ ಕೊಟ್ಟರೂ ದೊರೆಯದಾದುವು. ಬಾಸ್ಟನ್ ಬಿಯರ್ ಕಂಪನಿ 2008ರಲ್ಲಿ ತನ್ನ ದಾಸ್ತಾನಿನಿಂದ 20,000 ಪೌಂಡನ್ನು ಅಸಲು ಬೆಲೆಗೆ ಸಣ್ಣ ತಯಾರಕರಿಗೆ ಬಿಟ್ಟುಕೊಟ್ಟಿತು. ಬೇಡಿಕೆ ಹೆಚ್ಚಾಗಿ ಲಾಟರಿ ಎತ್ತಬೇಕಾಯಿತು. ಬರಗಾಲವನ್ನು ಕಂಡ ರೈತ ಕಣಜವನ್ನು ನಂಬುತ್ತಾನೆ. ಹಾಗೆ ಈ ಅಭಾವವನ್ನು ಕಂಡ ಗೃಹಸ್ಥರು ಸುಗ್ಗಿಯಲ್ಲಿ ಕೊಂಡು ವರ್ಷಕ್ಕಾಗುವಷ್ಟು ಕೂಡಿಡುವ ಅಭ್ಯಾಸಕ್ಕೆ ಇನ್ನಷ್ಟು ಒಲಿದರು.

ಆದರೆ ಕೂಡಿಡುವುದು ಬೇರೆ, ಕಾಪಾಡುವುದು ಬೇರೆ. ಒಬ್ಬ ಗೃಹಸ್ಥನು ನೂರಕ್ಕೆ 6 ಆಲ್ಫಾ ಆಮ್ಲವುಳ್ಳ ಕ್ಯಾಸ್ಕೇಡ್ ಹಾಪ್ಸನ್ನು ಒಂದು ಪೌಂಡು ತಂದು, ತೆಳುವಾದ ಚೀಲದಲ್ಲಿ ಕಪಾಟಿನಲ್ಲಿಟ್ಟನೆಂದು ಭಾವಿಸೋಣ. ಆರು ತಿಂಗಳ ಮೇಲೆ ಆ 6 ಎಂಬುದು 3 ಆಗಿರುತ್ತದೆ. ಚೀಟಿಯ ಮೇಲಿನ ಅಂಕಿಯನ್ನು ನಂಬಿ ಅವನು ಎಂದಿನ ಅಳತೆ ಹಾಕಿದರೆ ಕಹಿ ಅರ್ಧವಾಗುತ್ತದೆ, ಬಿಯರ್ ಸಪ್ಪೆಯಾಗುತ್ತದೆ, ಅಗ್ಗವಾಗಿ ಕೊಂಡ ಲಾಭವೂ ಅಲ್ಲಿಗೆ ತೀರುತ್ತದೆ.

ಇದಕ್ಕೊಂದು ಸರಳವಾದ ಲೆಕ್ಕವುಂಟು. ಮಾರ್ಕ್ ಗರೆಟ್ಸ್ ಎಂಬವರು 1994ರಲ್ಲಿ ಹಾಪ್ಸ್ ಬಳಕೆಯನ್ನು ಕುರಿತು ಬರೆದ ಪುಸ್ತಕದಿಂದ ಅದು ಗೃಹತಯಾರಕರಲ್ಲಿ ಪ್ರಚಾರಕ್ಕೆ ಬಂತು. ಶಾಖವು 15 ಡಿಗ್ರಿ ಸೆಂಟಿಗ್ರೇಡ್ ಇಳಿದಾಗಲೆಲ್ಲ ಕೆಡುವ ವೇಗ ಅರ್ಧವಾಗುತ್ತದೆ. ಗಾಳಿಯಾಡದ ಚೀಲದಲ್ಲಿ ನಿರ್ವಾತವಾಗಿಯೋ ಜಡಾನಿಲ ತುಂಬಿಯೋ ಮುದ್ರಿಸಿಟ್ಟರೆ ಅದು ಮತ್ತೊಮ್ಮೆ ಅರ್ಧವಾಗುತ್ತದೆ. ಈಗ ಗುಣಿಸಿ ನೋಡಬಹುದು. 20 ಡಿಗ್ರಿಯಲ್ಲಿ ಆರು ತಿಂಗಳಿಗೆ ಅರ್ಧವಾಗುವ ಕ್ಯಾಸ್ಕೇಡ್, 5 ಡಿಗ್ರಿಯಲ್ಲಿ ಅರ್ಧವಾಗಲು ಒಂದು ವರ್ಷ ಬೇಕು. ಸೊನ್ನೆಯಿಂದ 10 ಡಿಗ್ರಿ ಕೆಳಗೆ ಎರಡು ವರ್ಷ. ಅದೇ ಚಳಿಯಲ್ಲಿ ನಿರ್ವಾತದ ಚೀಲವೂ ಸೇರಿದರೆ ನಾಲ್ಕು ವರ್ಷ. ಮನೆಯ ಹಿಮಪೆಟ್ಟಿಗೆಯ ಶೈತ್ಯ ಸಾಮಾನ್ಯವಾಗಿ ಸೊನ್ನೆಯಿಂದ 18 ಡಿಗ್ರಿ ಕೆಳಗೆ. ಅಲ್ಲಿ ನಿರ್ವಾತದಲ್ಲಿಟ್ಟ ಹಾಪ್ಸ್ ಆರು ತಿಂಗಳಲ್ಲಿ ಕಳೆದುಕೊಳ್ಳುವುದು ಈ ಲೆಕ್ಕದಂತೆ ನೂರಕ್ಕೆ 6ರಷ್ಟು ಮಾತ್ರ. ಕಪಾಟಿನಲ್ಲಿ 50, ಹಿಮಪೆಟ್ಟಿಗೆಯಲ್ಲಿ 6! ಇದು ಅಂದಾಜಿನ ಸೂತ್ರವೇ ಹೊರತು ತೂಕದ ತಕ್ಕಡಿಯಲ್ಲ. ಆದರೂ ಯಾವ ದಿಕ್ಕಿಗೆ ನಡೆಯಬೇಕೆಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ನಿರ್ವಾತಕ್ಕೂ ಬಿಯರಿಗೂ ಇರುವ ಸಂಬಂಧ ಇಂದಿನದಲ್ಲವೆಂಬುದು ಸ್ವಾರಸ್ಯದ ಸಂಗತಿ. ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರನಾಗಿದ್ದ ಆಟೊ ಫಾನ್ ಗೆರಿಕೆ ಶೂನ್ಯಾವಕಾಶವನ್ನು ಸೃಷ್ಟಿಸಲು ಹೊರಟಾಗ ಮೊದಲು ಕೈಗೆತ್ತಿಕೊಂಡುದು ಬಿಯರ್, ದ್ರಾಕ್ಷಾಮದ್ಯಗಳಿಗೆ ಬಳಸುವಂಥ ಮರದ ಪೀಪಾಯಿಯನ್ನು. ಅದರಲ್ಲಿ ನೀರು ತುಂಬಿ, ಆ ನೀರನ್ನು ಪಂಪಿನಿಂದ ಹೊರಗೆಳೆಸಿದನು. ಆದರೆ ಮರದ ಸಂದುಗಳಲ್ಲಿ ಗಾಳಿ ಸದ್ದುಮಾಡುತ್ತ ಒಳನುಗ್ಗಿ ಪ್ರಯತ್ನ ಕೆಟ್ಟಿತು. ಬಳಿಕ ಲೋಹದ ಗೋಲಗಳನ್ನು ಬಳಸಿ ಗೆದ್ದನು. ಎರಡು ಅರೆಗೋಲಗಳನ್ನು ಕೂಡಿಸಿ ಒಳಗಿನ ಗಾಳಿಯನ್ನು ತೆಗೆದಾಗ, ಎರಡು ಪಕ್ಕಗಳಲ್ಲಿ ಕಟ್ಟಿದ ಕುದುರೆಗಳ ಸಾಲು ಎಳೆದರೂ ಅವು ಬಿಡದಿದ್ದ ಪ್ರಯೋಗ ಶಾಲಾಬಾಲಕರಿಗೂ ಪರಿಚಿತವಾದುದು. ಪೀಪಾಯಿ ಕಲಿಸಿದ ಪಾಠ ಇಂದಿಗೂ ಸಲ್ಲುತ್ತದೆ. ಗಾಳಿಯನ್ನು ಹೊರಗೆ ತೆಗೆಯುವುದು ಅರ್ಧ ಕೆಲಸ. ಅದು ಮರಳಿ ಬಾರದಂತೆ ತಡೆಯುವುದು ಇನ್ನರ್ಧ.

ಈ ಎರಡನೆಯ ಅರ್ಧದಲ್ಲಿಯೇ ಬಹುಮಂದಿ ಎಡವುವುದು. ದಿನಸಿ ಅಂಗಡಿಯ ಪಾಲಿಥೀನ್ ಚೀಲ ನೀರನ್ನು ತಡೆಯುತ್ತದೆ, ಆದರೆ ಆಮ್ಲಜನಕವನ್ನು ತಡೆಯಲಾರದು. ಕಣ್ಣಿಗೆ ಕಾಣದ ರೀತಿಯಲ್ಲಿ ಅನಿಲ ಅದರ ಮೂಲಕ ಹಾಯುತ್ತಲೇ ಇರುತ್ತದೆ. ಪರೀಕ್ಷೆ ಬಲು ಸುಲಭ. ಮುಚ್ಚಿದ ಚೀಲವನ್ನು ಮೂಗಿನ ಬಳಿ ಹಿಡಿದಾಗ ಹಾಪ್ಸ್‌ನ ಪರಿಮಳ ಬಂದರೆ ಆ ಚೀಲ ಕೆಲಸಕ್ಕೆ ಬಾರದು. ಪರಿಮಳ ಹೊರಬರುವ ಚೀಲಕ್ಕೆ ಗಾಳಿ ಒಳಹೋಗದೆಂಬ ಭರವಸೆಯೆಲ್ಲಿ? ಆದಕಾರಣ ನಿರ್ವಾತ ಯಂತ್ರಗಳಿಗೆಂದೇ ನೈಲಾನಿನ ಪದರ ಸೇರಿಸಿ ಮಾಡಿದ ಚೀಲಗಳನ್ನು ಬಳಸಬೇಕು. ಅವುಗಳಿಗಿಂತ ಮೇಲಾದುದು ಲೋಹದ ತೆಳುಪದರವುಳ್ಳ ಚೀಲ; ಅದು ಬೆಳಕನ್ನೂ ತಡೆಯುತ್ತದೆ.

ಇನ್ನು ಕೆಲಸದ ಕ್ರಮ. ಹಿತ್ತಿಲಲ್ಲಿ ತಾನೇ ಬೆಳೆದ ಹೂವಾದರೆ ಮೊದಲು ಚೆನ್ನಾಗಿ ಒಣಗಿರಬೇಕು. ಹೂವಿನ ನಡುವಿನ ಕಡ್ಡಿಯನ್ನು ಬಗ್ಗಿಸಿದಾಗ ಅದು ಬಳುಕದೆ ಲಟಕ್ಕೆಂದು ಮುರಿದರೆ ಹದವಾಗಿದೆಯೆಂದು ಅರ್ಥ. ತೇವ ಉಳಿದ ಹೂವನ್ನು ಎಷ್ಟು ಬಿಗಿಯಾಗಿ ಮುದ್ರಿಸಿದರೂ ಕೊಳೆಯುವುದು ತಪ್ಪದು. ಸಗಟು ಚೀಲವನ್ನು ಒಡೆದ ದಿನವೇ ಎಲ್ಲವನ್ನೂ ತೂಗಿ, ಒಂದೊಂದು ಬಾರಿಗೆ ಬೇಕಾಗುವಷ್ಟನ್ನು ಬೇರೆಬೇರೆ ಚೀಲಗಳಿಗೆ ಹಂಚಬೇಕು. ದೊಡ್ಡ ಚೀಲವೊಂದನ್ನೇ ಮತ್ತೆ ಮತ್ತೆ ತೆರೆದು ಮುಚ್ಚುವುದೆಂದರೆ ಕಳ್ಳನಿಗೆ ಪ್ರತಿವಾರವೂ ಬಾಗಿಲು ತೆಗೆದಂತೆ. ಯಂತ್ರವು ಗಾಳಿಯನ್ನು ಹೀರುವಾಗ ಪುಡಿ ಮೇಲಕ್ಕೆ ಬಂದು ಬೆಸುಗೆಯ ಅಂಚಿನಲ್ಲಿ ಸಿಕ್ಕಿಕೊಂಡರೆ ಅಲ್ಲಿ ಸೂಕ್ಷ್ಮವಾದ ರಂಧ್ರ ಉಳಿಯುತ್ತದೆ. ಅದನ್ನು ತಪ್ಪಿಸಲು ಚೀಲದ ಮೇಲ್ಭಾಗವನ್ನು ಒರಸಿ, ಸಾಕಷ್ಟು ಅಂಚು ಬಿಟ್ಟು, ಎರಡು ಸಾಲು ಬೆಸೆಯುವುದು ಲೇಸು. ಇಡಿಯ ಹೂವನ್ನು ಅತಿಯಾಗಿ ಹಿಂಡಬಾರದು. ಲ್ಯೂಪುಲಿನ್ ಕಣಗಳು ಒಡೆದರೆ ತೈಲ ಬೇಗ ಕೆಡುತ್ತದೆ. ಗುಳಿಗೆಗಳಲ್ಲಿ ಆ ಕಣಗಳು ಮೊದಲೇ ಒಡೆದಿರುವುದರಿಂದ, ಮೊಹರು ಬಿಚ್ಚಿದ ಮೇಲೆ ಅವುಗಳನ್ನು ತೆರೆದಿಡಲೇ ಬಾರದು.

ಚೀಲದ ಮೇಲೆ ಚೀಟಿಯೂ ಇರಬೇಕು. ತಳಿಯ ಹೆಸರು, ಬೆಳೆಯ ವರ್ಷ, ಆಲ್ಫಾ ಆಮ್ಲದ ಪ್ರಮಾಣ, ತೂಕ, ಮುದ್ರಿಸಿದ ದಿನ ಇವಿಷ್ಟನ್ನೂ ಬರೆಯಬೇಕು. ಹಿಮದಲ್ಲಿ ಹೆಪ್ಪುಗಟ್ಟಿದ ಮೇಲೆ ಒಂದು ಹಸುರು ಗುಳಿಗೆಗೂ ಇನ್ನೊಂದು ಹಸುರು ಗುಳಿಗೆಗೂ ವ್ಯತ್ಯಾಸ ಕಂಡುಹಿಡಿಯುವುದು ಬ್ರಹ್ಮನಿಗೂ ಕಷ್ಟ. ಚೀಲಗಳನ್ನು ಹಿಮಪೆಟ್ಟಿಗೆಯ ಬಾಗಿಲಿನ ಹಲಗೆಯಲ್ಲಿಡದೆ, ಶೈತ್ಯ ಏರಿಳಿಯದ ಹಿಂಭಾಗದಲ್ಲಿ ಇಡಬೇಕು. ಹೊರತೆಗೆದೊಡನೆ ಬಿಚ್ಚಬಾರದು, ಕೋಣೆಯ ಶಾಖಕ್ಕೆ ಬರುವವರೆಗೆ ಕಾಯಬೇಕು. ಇಲ್ಲವಾದರೆ ಗಾಳಿಯ ತೇವ ತಣ್ಣನೆಯ ಹೂವಿನ ಮೇಲೆ ಹನಿಯಾಗಿ ಕೂರುತ್ತದೆ. ಯಂತ್ರವಿಲ್ಲದವರು ಬಿಗಿಮುಚ್ಚಳದ ಗಾಜಿನ ಜಾಡಿಯನ್ನು ತುಂಬ ತುಂಬಿ, ಇಂಗಾಲಾಮ್ಲ ಅನಿಲ ಹಾಯಿಸಿ ಗಾಳಿಯನ್ನು ಹೊರದೂಡಿ, ಕತ್ತಲೆಯ ತಂಪಿನಲ್ಲಿಡುವುದುಂಟು. ಎಲ್ಲಕ್ಕೂ ಮಿಗಿಲಾದ ಎಚ್ಚರಿಕೆ ನಾಯಿ ಸಾಕಿದವರಿಗೆ ಸಲ್ಲಬೇಕು. ಹಾಪ್ಸ್ ನಾಯಿಗಳಿಗೆ ವಿಷ. ಅದನ್ನು ತಿಂದ ನಾಯಿಯ ಮೈಶಾಖ ಮಿತಿಮೀರಿ ಏರಿ ಪ್ರಾಣಕ್ಕೆ ಅಪಾಯ ಬರಬಹುದು. ಕುದಿಸಿ ಬಿಸಾಡಿದ ಚರಟವನ್ನೂ ಅವಕ್ಕೆ ನಿಲುಕದಂತೆ ಇಡಬೇಕು.

ಇಷ್ಟೆಲ್ಲ ಮಾಡಿದರೂ ಹೂವು ಚಿರಂಜೀವಿಯಾಗುವುದಿಲ್ಲ. ಮನೆಯ ಯಂತ್ರ ಸಂಪೂರ್ಣ ಶೂನ್ಯವನ್ನು ತರಲಾರದು. ಚೀಲವೂ ಸಂಪೂರ್ಣ ಗೋಡೆಯಲ್ಲ. ಹಾಪ್ಸ್ ಎಷ್ಟು ಮುಪ್ಪಾಗಿದೆಯೆಂದು ಪ್ರಯೋಗಶಾಲೆಯಲ್ಲಿ ಅಳೆಯುವ ಕ್ರಮವುಂಟು. ಅತಿನೇರಿಳೆ ಬೆಳಕಿನ ಎರಡು ತರಂಗಾಂತರಗಳನ್ನು ಅದರ ಸಾರ ಎಷ್ಟೆಷ್ಟು ಹೀರುವುದೆಂಬುದರ ಅನುಪಾತವದು. 1970ರಲ್ಲಿ ಪ್ರಕಟವಾದ ಈ ವಿಧಾನದಂತೆ ಹೊಸ ಹೂವಿಗೆ 0.25ರ ಸುಮಾರು ಅಂಕ ಬರುತ್ತದೆ. ಹಳತಾದಂತೆ ಅಂಕ ಏರುತ್ತದೆ. ಗೃಹಸ್ಥನಿಗೆ ಅಷ್ಟು ಸಾಧನವೇಕೆ? ಕಣ್ಣು ಮೂಗುಗಳೇ ಸಾಕು. ಹಸುರು ಕಂದಾಗಿ, ಹಳದಿಯ ಪುಡಿ ಕಿತ್ತಳೆಗೆ ತಿರುಗಿ, ಗಿಣ್ಣದ ವಾಸನೆ ಬಂದರೆ ಅದರ ಯೌವನ ಕಳೆಯಿತೆಂದು ತಿಳಿಯಬೇಕು.

ಹಾಗೆಂದು ಮುಪ್ಪು ಬಂದುದೆಲ್ಲ ತಿಪ್ಪೆಗೆ ಎಂದಲ್ಲ. ಬೆಲ್ಜಿಯಮ್ ದೇಶದಲ್ಲಿ ಲಾಂಬಿಕ್ ಎಂಬ ಹುಳಿ ಬಿಯರನ್ನು ಮಾಡುವವರು ಉದ್ದೇಶಪೂರ್ವಕವಾಗಿಯೇ ವರ್ಷಗಟ್ಟಲೆ ಹಳತಾದ ಹಾಪ್ಸನ್ನು ಬಳಸುತ್ತಾರೆ. ಅವರಿಗೆ ಕಹಿಯೂ ಬೇಡ, ಕಂಪೂ ಬೇಡ. ಬೇಕಾದುದು ಕಾಯುವ ಗುಣವೊಂದೇ. ರೂಪ ಹೋಗಿ, ಕಂಪು ಹೋಗಿ, ಕಹಿಯೂ ಹೋದ ಮೇಲೆ ಆ ಹೂವಿನಲ್ಲಿ ಕಾವಲಿನ ಶಕ್ತಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಮನೆಯ ಹಿರಿಯರನ್ನು ಬಲ್ಲವರಿಗೆ ಇದು ಆಶ್ಚರ್ಯವಾಗಿ ಕಾಣದು.

ಕೊನೆಗೆ ಕೂಡಿಡುವವರು ನೆನಪಿಡಬೇಕಾದುದು ಇದು. ಚಳಿ, ಕತ್ತಲೆ, ನಿರ್ವಾತ ಈ ಮೂರೂ ಕಾಲವನ್ನು ನಿಧಾನವಾಗಿ ನಡೆಸಬಲ್ಲುವೇ ಹೊರತು ನಿಲ್ಲಿಸಲಾರವು. ಮುಂದಿನ ಸುಗ್ಗಿಯವರೆಗೆ ಸಾಲುವಷ್ಟನ್ನು ಚೆನ್ನಾಗಿ ಕಾಪಾಡಿಕೊಂಡವನು ಜಾಣ. ಮೂರು ಸುಗ್ಗಿಗಳಿಗಾಗುವಷ್ಟನ್ನು ಅಗ್ಗವೆಂದು ತಂದು ತುಂಬಿದವನು, ಹೊಸ ಹೂವು ಪೇಟೆಗೆ ಬಂದಾಗಲೂ ಹಳೆಯದನ್ನೇ ಮುಗಿಸುತ್ತ ಕೂರಬೇಕಾಗುತ್ತದೆ. ಕಣಜಕ್ಕೊಂದು ಗೋಡೆಯಿರುವಂತೆ ಆಸೆಗೂ ಒಂದು ಅಂಚಿರಬೇಕು. ಆ ಅಂಚನ್ನು ಬೆಸೆಯುವ ಯಂತ್ರ ಮಾತ್ರ ಇನ್ನೂ ಅಂಗಡಿಗೆ ಬಂದಿಲ್ಲ.